ಶೋ ಬ್ರೀಡರ್ ಹತ್ತಿರ ಸಾಕುವ ಮೊಲ ಆರಿಸುವುದು: ಹಂತ ಹಂತವಾಗಿ ಏನು ಕೇಳಬೇಕು, ಎಲ್ಲಿ ನೋಡಬೇಕು

ಶೋ ಅಂದರೆ ತಳಿ ಮೊಲಗಳನ್ನು ತೀರ್ಪುಗಾರರು ನೋಡಿ ಬಹುಮಾನ ಕೊಡುವ ಸ್ಪರ್ಧೆ. ಇಂಥ ಶೋಗಳಿಗೆ ಮೊಲ ಬೆಳೆಸುವ ಬ್ರೀಡರ್‌ಗಳಿಂದ ಮರಿ ತಂದವರ ದೂರುಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಮೂರು ತಿಂಗಳಿಗೆ ಹಲ್ಲು ವಕ್ರವಾಗಿ ಬೆಳೆಯಿತು. ಹೆಣ್ಣು ಅಂತ ತಂದದ್ದು ಗಂಡಾಗಿತ್ತು. ಮನೆಗೆ ಬಂದ ವಾರದೊಳಗೆ ಭೇದಿ ಶುರುವಾಯಿತು. ಮೂಲೆಯಲ್ಲಿ ಸುಮ್ನೆ ಕೂತಿದ್ದ ಮರಿಯನ್ನು ಸಾಧು ಅಂತ ಆರಿಸಿದೆವು, ಅದಕ್ಕೆ ಕಾಯಿಲೆ ಇತ್ತು.

ಇಂಥ ಕಡೆಗಳಲ್ಲಿ ಬಹಳಷ್ಟು ಸಲ ಆದದ್ದು ಇಷ್ಟೇ: ಬಣ್ಣಕ್ಕೆ ಮೊದಲು ಮನಸ್ಸು ಸೋತಿತು, ಪ್ರಶ್ನೆಗಳು ಆಮೇಲೆ ಬಂದವು. ಅದಕ್ಕೇ ಈ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಮರಿ ಕೈಗೆ ಬರುವುದು ಏಳನೇ ಹಂತದಲ್ಲಿ. ಅಷ್ಟರೊಳಗೆ ಅರ್ಧಕ್ಕಿಂತ ಜಾಸ್ತಿ ತೀರ್ಮಾನ ಆಗಿರಬೇಕು.

1. ಮೊಲ ನೋಡುವ ಮೊದಲೇ ಮುಗಿಸುವ ಕೆಲಸ

ಮೊದಲು ವೈದ್ಯರನ್ನು ಹುಡುಕಿ. ನಾಯಿ, ಬೆಕ್ಕು ನೋಡುವ ಪಶುವೈದ್ಯರೆಲ್ಲರಿಗೂ ಮೊಲದ ಅನುಭವ ಇರುವುದಿಲ್ಲ. ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಮೊಲಗಳಿಗೆ ಸಂತಾನಹರಣ ಚಿಕಿತ್ಸೆ ಮಾಡುತ್ತೀರಾ? ಹಲ್ಲಿನ ತೊಂದರೆ ನೋಡುತ್ತೀರಾ? ಎರಡಕ್ಕೂ ಹೌದು ಅನ್ನುವವರು ಸಿಗುವವರೆಗೆ ಮುಂದಕ್ಕೆ ಹೋಗಬೇಡಿ.

ಆಮೇಲೆ ಜಾಗ. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆ ಆರ್‌ಡಬ್ಲ್ಯೂಎಎಫ್ ಒಂದು ಜೋಡಿ ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕು ಅನ್ನುತ್ತದೆ. ಬ್ರೀಡರ್ ಮನೆಯಲ್ಲಿ ಮೊಲಗಳು ಇದಕ್ಕಿಂತ ತುಂಬಾ ಸಣ್ಣ ಪಂಜರಗಳಲ್ಲಿ ಇರುತ್ತವೆ. ಅದನ್ನು ನೋಡಿ ನಮಗೂ ಇಷ್ಟು ಸಾಕು ಅಂದುಕೊಳ್ಳಬೇಡಿ. ಚೆನ್ನಾಗಿ ನೋಡಿಕೊಂಡ ಮೊಲ 8ರಿಂದ 12 ವರ್ಷ ಬದುಕುತ್ತದೆ. ಅಷ್ಟೂ ವರ್ಷ ಅದು ಓಡಬೇಕು, ಹಾರಬೇಕು, ಹಿಂಗಾಲಿನ ಮೇಲೆ ನೆಟ್ಟಗೆ ನಿಲ್ಲಬೇಕು.

ಒಣಹುಲ್ಲು ಬಿಡದೆ ಸಿಗುವ ಕಡೆ ಗೊತ್ತು ಮಾಡಿಟ್ಟುಕೊಳ್ಳಿ. ಮೊಲದ ಊಟದ ದೊಡ್ಡ ಪಾಲು ಅದೇ.

ನೋಡಲು ಹೋಗುವಾಗ ಜೊತೆಗೆ ಬೇಕಾದವು: ಸಣ್ಣ ಟಾರ್ಚ್, ಗ್ರಾಂ ತೋರಿಸುವ ತೂಕದ ಯಂತ್ರ, ಒಂದು ದಪ್ಪ ಟವಲ್, ಬರೆದುಕೊಳ್ಳಲು ಪುಸ್ತಕ. ಮರಿ ಸಾಗಿಸುವ ಪೆಟ್ಟಿಗೆಯನ್ನು ಮೊದಲ ಭೇಟಿಗೆ ಒಯ್ಯಬೇಡಿ. ಕೈಯಲ್ಲಿ ಪೆಟ್ಟಿಗೆ ಇದ್ದರೆ ಖಾಲಿ ವಾಪಸ್ ಬರಲು ಮನಸ್ಸಾಗುವುದಿಲ್ಲ.

2. ತಳಿ: ಮರಿ ನೋಡಬೇಡಿ, ಬೆಳೆದ ಮೊಲ ನೋಡಿ

ಎಂಟು ವಾರಕ್ಕೆ ಎಲ್ಲ ಮರಿಗಳೂ ಪುಟ್ಟದಾಗಿ, ಮುದ್ದಾಗಿ ಕಾಣುತ್ತವೆ. ಬೆಳೆದ ಮೇಲಿನ ಲೆಕ್ಕ ಬೇರೆ. ಅಮೆರಿಕದ ಶೋ ನಿಯಮದಲ್ಲಿ ನೆದರ್‌ಲ್ಯಾಂಡ್ ಡ್ವಾರ್ಫ್ ಸುಮಾರು 1.1 ಕೆಜಿ ಮೀರಬಾರದು, ಹಾಲೆಂಡ್ ಲಾಪ್ 1.8 ಕೆಜಿ, ಮಿನಿ ರೆಕ್ಸ್ ಸುಮಾರು 2 ಕೆಜಿ. ಫ್ಲೆಮಿಶ್ ಜೈಂಟ್ 6 ಕೆಜಿ ದಾಟುತ್ತದೆ.

ತಳಿಗೊಂದು ತೊಂದರೆಯೂ ಇರುತ್ತದೆ. ಅಂಗೋರಾದ ಕೂದಲನ್ನು ತಪ್ಪದೆ ಬಾಚಬೇಕು, ಇಲ್ಲವಾದರೆ ಗಂಟು ಕಟ್ಟಿ ಚರ್ಮ ಎಳೆಯುತ್ತದೆ. ರೆಕ್ಸ್ ಮೊಲಗಳ ಪಾದದ ಅಡಿಯಲ್ಲಿ ತುಪ್ಪಳ ಕಡಿಮೆ, ಗಟ್ಟಿ ನೆಲ ಅಥವಾ ತಂತಿ ನೆಲದ ಮೇಲೆ ಹುಣ್ಣಾಗುತ್ತದೆ. ಕಿವಿ ಜೋಲುಬಿದ್ದ ತಳಿಗಳಲ್ಲಿ ಕಿವಿ ಸೋಂಕು ಜಾಸ್ತಿ. ಮುಖ ತೀರಾ ಗುಂಡಗೆ, ಚಪ್ಪಟೆಯಾಗಿದ್ದರೆ ಹಲ್ಲು ಮತ್ತು ಕಣ್ಣೀರಿನ ನಾಳದ ತೊಂದರೆಗೆ ದಾರಿ. ಮೊದಲ ಸಲ ಮೊಲ ಸಾಕುವವರಿಗೆ ನನ್ನ ಸಲಹೆ: ಮುಖ ಸ್ವಲ್ಪ ಉದ್ದ ಇರುವ, ತುಪ್ಪಳ ಗಿಡ್ಡ ಇರುವ, ಎರಡು ಕೆಜಿ ಆಸುಪಾಸಿನ ತಳಿ ನೋಡಿ. ಡಚ್ ಅಂಥದ್ದೊಂದು.

3. ಬ್ರೀಡರ್ ಜೊತೆ ಮೊದಲ ಮಾತು

ಮನೆಗೆ ಹೋಗುವ ಮೊದಲು ಫೋನಿನಲ್ಲೇ ಇವಿಷ್ಟು ಕೇಳಿ. ಮರಿಗಳನ್ನು ಎಷ್ಟು ವಾರಕ್ಕೆ ಕೊಡುತ್ತೀರಿ? ತಾಯಿಯನ್ನು ನೋಡಬಹುದೇ? ಏನು ತಿನ್ನಿಸುತ್ತೀರಿ? ಮರಿ ನಮಗೆ ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ?

ಎಂಟು ವಾರಕ್ಕೆ ಮೊದಲು ಕೊಡುತ್ತೇನೆ ಅಂದರೆ ಅಲ್ಲಿಗೇ ಬಿಡಿ. ಹಾಲು ಬಿಟ್ಟ ಹೊಸದರಲ್ಲಿ ಮರಿಯ ಕರುಳು ತುಂಬಾ ನಾಜೂಕು. ಆಗಲೇ ಜಾಗವೂ ಬದಲಾಗಿ ಆಹಾರವೂ ಬದಲಾದರೆ ಭೇದಿ ಶುರುವಾಗಿ ಒಂದೆರಡು ದಿನದಲ್ಲೇ ಮರಿ ಸಾಯಬಹುದು.

ಒಳಗೆ ಬಿಡುವುದಿಲ್ಲ ಅಂದ ಕೂಡಲೇ ಅನುಮಾನ ಪಡಬೇಕಿಲ್ಲ. ಮೊಲಗಳ ರಕ್ತಸ್ರಾವ ಜ್ವರದ ವೈರಸ್ ಬಟ್ಟೆ, ಚಪ್ಪಲಿಗೆ ಅಂಟಿಕೊಂಡೂ ಬರುತ್ತದೆ. ಹಾಗಾಗಿ ಕೆಲವು ಒಳ್ಳೆಯ ಬ್ರೀಡರ್‌ಗಳು ಹೊರಗಿನವರನ್ನು ಗೂಡುಗಳ ಹತ್ತಿರ ಬಿಡುವುದಿಲ್ಲ. ಅಂಥವರು ಮರಿಯನ್ನೂ ತಾಯಿಯನ್ನೂ ಹೊರಗೆ ತಂದು ತೋರಿಸುತ್ತಾರೆ, ಗೂಡುಗಳ ವಿಡಿಯೋ ಕಳಿಸುತ್ತಾರೆ. ತಾಯಿಯನ್ನೂ ತೋರಿಸದೆ, ವಿಡಿಯೋವನ್ನೂ ಕಳಿಸದೆ ದಾರಿ ಮಧ್ಯೆ ಎಲ್ಲೋ ಮರಿ ಕೊಡುತ್ತೇನೆ ಅನ್ನುವುದು ಬೇರೆ ವಿಷಯ, ಅಲ್ವಾ? ನೀವೂ ಒಂದು ನಿಯಮ ಪಾಲಿಸಿ: ಒಂದೇ ದಿನ ಇಬ್ಬರು ಬ್ರೀಡರ್‌ಗಳ ಮನೆಗೆ ಹೋಗಬೇಡಿ.

ಅವರು ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನೂ ಗಮನಿಸಿ. ಎಲ್ಲಿ ಇಡುತ್ತೀರಿ, ಮನೆಯಲ್ಲಿ ನಾಯಿ ಇದೆಯಾ, ಸಣ್ಣ ಮಕ್ಕಳಿದ್ದಾರಾ ಅಂತ ಕೇಳುವವರಿಗೆ ಮರಿಯ ಮೇಲೆ ಕಾಳಜಿ ಇದೆ. ಯಾವಾಗ ಬರುತ್ತೀರಿ ಅಂತ ಮಾತ್ರ ಕೇಳಿದರೆ ಎಚ್ಚರ.

4. "ಇದನ್ನು ಯಾಕೆ ಶೋಗೆ ಇಟ್ಟುಕೊಳ್ಳುತ್ತಿಲ್ಲ?"

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಬಹುತೇಕರು ಕೇಳದೆ ಬಿಡುವುದೂ ಇದನ್ನೇ.

ಬ್ರೀಡರ್ ತನ್ನ ಅತ್ಯುತ್ತಮ ಮರಿಗಳನ್ನು ತಾನೇ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಬೇರೆ ಬ್ರೀಡರ್‌ಗೆ ಮಾರುತ್ತಾರೆ. ಉಳಿದದ್ದು "ಪೆಟ್ ಕ್ವಾಲಿಟಿ" ಅನ್ನುವ ಹೆಸರಿನಲ್ಲಿ ನಮ್ಮಂಥವರಿಗೆ ಬರುತ್ತದೆ. ತೊಂದರೆ ಏನೆಂದರೆ ಈ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ತರಹದ ಮರಿಗಳು ಸೇರಿಕೊಂಡಿರುತ್ತವೆ. ಒಂದು, ತೀರ್ಪುಗಾರರ ಕಣ್ಣಿಗೆ ಮಾತ್ರ ಕೊರತೆ ಇರುವ ಮರಿ. ಇನ್ನೊಂದು, ಜೀವನಪೂರ್ತಿ ತೊಂದರೆ ಕೊಡುವ ಕೊರತೆ ಇರುವ ಮರಿ.

ಮೊದಲನೆಯ ಗುಂಪಿನವು ಇವು: ಬಣ್ಣದ ಮೊಲಕ್ಕೆ ಒಂದು ಬಿಳಿ ಉಗುರು. ಒಂದೇ ಬಣ್ಣ ಇರಬೇಕಾದ ಕಡೆ ಬಿಳಿ ಮಚ್ಚೆ. ಡಚ್ ಮೊಲದಲ್ಲಿ ಬಿಳಿ ಮತ್ತು ಬಣ್ಣ ಸೇರುವ ಗೆರೆ ವಕ್ರ. ಕಿವಿ ಒಂದಿಷ್ಟು ಉದ್ದ. ಲಾಪ್‌ನಲ್ಲಿ, ಅಂದರೆ ಕಿವಿ ಜೋಲುವ ತಳಿಯಲ್ಲಿ, ಒಂದು ಕಿವಿ ಪೂರ್ತಿ ಬೀಳದೆ ನಿಂತಿರುವುದು. ಭುಜ ಬೇಕಾದಷ್ಟು ಅಗಲ ಇಲ್ಲದಿರುವುದು. ತೂಕ ತಳಿಯ ಮಿತಿ ದಾಟಿರುವುದು. ಇವುಗಳಿಂದ ಮೊಲಕ್ಕೆ ಏನೂ ಆಗುವುದಿಲ್ಲ. ಇಂಥ ಕಾರಣಕ್ಕೆ ಹೊರಗೆ ಬಂದ ಮರಿ ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಮರಿ.

ಡ್ವಾರ್ಫ್ ತಳಿಗಳಲ್ಲಿ ಇನ್ನೊಂದು ವಿಷಯ ಇದೆ. ಕುಳ್ಳು ಮಾಡುವ ಜೀನ್ ಒಂದು ಪ್ರತಿ ಬಂದ ಮರಿ ಶೋಗೆ ಬೇಕಾದ ಗುಂಡು ಗಾತ್ರಕ್ಕೆ ಬರುತ್ತದೆ. ಆ ಜೀನ್ ಬರದೇ ಇರುವ ಅದರ ಒಡಹುಟ್ಟು ಸ್ವಲ್ಪ ದೊಡ್ಡದು, ಕಿವಿ ಉದ್ದ, ಮುಖವೂ ಉದ್ದ. ಶೋನಲ್ಲಿ ಇದಕ್ಕೆ ಜಾಗ ಇಲ್ಲ. ಮನೆಗೆ ಮಾತ್ರ ನಾನು ಯಾವಾಗಲೂ ಇದನ್ನೇ ಕೇಳಿ ಅನ್ನುತ್ತೇನೆ. ಉದ್ದ ಮುಖದಲ್ಲಿ ಹಲ್ಲುಗಳಿಗೆ ಜಾಗ ಚೆನ್ನಾಗಿ ಸಿಗುತ್ತದೆ.

ಎರಡನೆಯ ಗುಂಪು: ಹಲ್ಲು ಸರಿಯಾಗಿ ಕೂಡದಿರುವುದು, ಪದೇ ಪದೇ ಸೀನು, ಯಾವಾಗಲೂ ಒದ್ದೆ ಇರುವ ಕಣ್ಣು, ಕಾಲು ಪಕ್ಕಕ್ಕೆ ಜಾರುವುದು, ಪಾದದ ಹುಣ್ಣು, ಹಿಂದೆ ಬಂದುಹೋದ ಕೀವಿನ ಗಡ್ಡೆ. "ಪೆಟ್‌ಗೆ ಇದೆಲ್ಲ ನಡೆಯುತ್ತೆ" ಅನ್ನುವ ಮಾತು ಬಂದರೆ ನಂಬಬೇಡಿ. ಇವು ಶೋಗಿಂತ ನಿಮಗೇ ಹೆಚ್ಚು ಮುಖ್ಯ. ದಿನಾ ಜೊತೆಗಿರುವವರು ನೀವು.

ಇವೆರಡರ ನಡುವೆ ಒಂದು ಗುಂಪು ಇದೆ, ಅದರ ಬಗ್ಗೆ ಹೊಸಬರಿಗೆ ಯಾರೂ ಹೇಳುವುದಿಲ್ಲ. ಚುಕ್ಕೆ ಇರುವ ಅಥವಾ ಬಿಳಿ ಮತ್ತು ಬಣ್ಣ ಬೆರೆತ ಮೊಲಗಳಲ್ಲಿ ಆ ಜೀನ್ ಎರಡು ಪ್ರತಿ ಬಂದರೆ ಮೈ ಬಹುತೇಕ ಬಿಳಿ ಇದ್ದು ಬಣ್ಣ ಅಲ್ಲಲ್ಲಿ ಮಾತ್ರ ಉಳಿಯುತ್ತದೆ. ಬ್ರೀಡರ್‌ಗಳು ಇದನ್ನು "ಚಾರ್ಲಿ" ಅನ್ನುತ್ತಾರೆ. ನೋಡಲು ಮುದ್ದು. ಇವುಗಳಲ್ಲಿ ಕೆಲವಕ್ಕೆ ದೊಡ್ಡ ಕರುಳು ಹಿಗ್ಗಿ ಸರಿಯಾಗಿ ಕೆಲಸ ಮಾಡದ ತೊಂದರೆ ಬರುತ್ತದೆ. ಎಲ್ಲ ಚಾರ್ಲಿಗಳಿಗೂ ಬರುವುದಿಲ್ಲ. ಆದರೆ ಆರಿಸುವ ಮೊದಲು ಹಿಕ್ಕೆ ನೋಡಲೇಬೇಕು: ದೊಡ್ಡದಾಗಿ, ಆಕಾರ ಇಲ್ಲದೆ, ಮೆತ್ತಗೆ ಇದ್ದರೆ ಬೇಡ.

ಉತ್ತರ ಹೇಗೆ ಬರುತ್ತದೆ ಅನ್ನುವುದೂ ಮುಖ್ಯ. "ಎಡ ಮುಂಗಾಲಿನಲ್ಲಿ ಬಿಳಿ ಉಗುರು ಇದೆ, ನೋಡಿ" ಅಂತ ಬೆರಳಿಟ್ಟು ತೋರಿಸಿದರೆ ಒಳ್ಳೆಯದು. "ಜಾಗ ಇಲ್ಲ, ಅದಕ್ಕೆ" ಅಂತ ತೇಲಿಸಿದರೆ ಇನ್ನೊಂದು ಸಲ ಕೇಳಿ.

5. ಯಾವ ವಯಸ್ಸಿನ ಮೊಲ

ಎಲ್ಲರೂ ಎಂಟು ವಾರದ ಮರಿಯನ್ನೇ ಕೇಳುತ್ತಾರೆ. ನನ್ನ ಪ್ರಕಾರ ಶೋ ಬ್ರೀಡರ್ ಹತ್ತಿರ ಹೋಗುವುದರ ದೊಡ್ಡ ಲಾಭ ಬೇರೆ ಕಡೆ ಇದೆ. ಒಳ್ಳೆಯದಾಗಬಹುದು ಅನ್ನಿಸಿದ ಮರಿಗಳನ್ನು ಅವರು ನಾಲ್ಕೈದು ತಿಂಗಳವರೆಗೆ ಇಟ್ಟುಕೊಂಡು ಬೆಳವಣಿಗೆ ನೋಡುತ್ತಾರೆ. ಅಳತೆಗೆ ಬರದವನ್ನು ಆಗ ಬಿಟ್ಟುಕೊಡುತ್ತಾರೆ. ಆ ವಯಸ್ಸಿಗೆ ಹಲ್ಲು ಕೂತಿದೆಯೋ ಇಲ್ಲವೋ ಗೊತ್ತಾಗಿರುತ್ತದೆ, ಗಂಡು ಹೆಣ್ಣು ಖಚಿತ, ಸ್ವಭಾವವೂ ತಿಳಿದಿರುತ್ತದೆ. ಕರುಳಿನ ಕಷ್ಟದ ಕಾಲವೂ ಮುಗಿದಿರುತ್ತದೆ.

ಇನ್ನೊಂದು ದಾರಿ ಶೋ ಮುಗಿಸಿದ ದೊಡ್ಡ ಮೊಲ. ಮೇಜಿನ ಮೇಲೆ ಕೂರಿಸಿ, ತಿರುಗಿಸಿ, ಹಲ್ಲು ಉಗುರು ನೋಡಿಸಿಕೊಂಡು ಅಭ್ಯಾಸ ಆಗಿರುವುದರಿಂದ ಹಿಡಿದರೆ ಗಾಬರಿ ಕಡಿಮೆ. ಹೆಣ್ಣಾದರೆ ಎಷ್ಟು ಸೂಲು ಆಗಿದೆ, ಕೊನೆಯ ಸೂಲು ಯಾವಾಗ ಅಂತ ಕೇಳಿ. ಸಂತಾನಹರಣ ಆಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದ ಹಾಗೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಹಾಗಾಗಿ ಆಪರೇಷನ್ ಖರ್ಚನ್ನೂ ಮೊಲದ ಬೆಲೆಯ ಜೊತೆಗೇ ಲೆಕ್ಕ ಹಾಕಿ.

6. ಮುಟ್ಟುವ ಮೊದಲು ಹತ್ತು ನಿಮಿಷ ನೋಡಿ

ಗೂಡಿನಿಂದ ಒಂದೆರಡು ಹೆಜ್ಜೆ ದೂರ ನಿಲ್ಲಿ, ಮಾತಾಡಬೇಡಿ. ಹೊಸಬರು ಬಂದಾಗ ಮೊಲ ಮೊದಲು ಗಟ್ಟಿಯಾಗಿ ಕೂರುವುದು ಸಹಜ. ಸ್ವಲ್ಪ ಹೊತ್ತಿಗೆ ಆರೋಗ್ಯವಂತ ಮರಿ ಕಿವಿ ತಿರುಗಿಸುತ್ತದೆ, ಮೂಸುತ್ತದೆ, ಹುಲ್ಲಿನ ಹತ್ತಿರ ಹೋಗುತ್ತದೆ. ಬೇರೆ ಮರಿಗಳು ಓಡಾಡುತ್ತಿರುವಾಗ ಒಂದೇ ಒಂದು ಮೈ ಮುದುಡಿಕೊಂಡು, ಕಣ್ಣು ಅರೆಮುಚ್ಚಿ ಕೂತಿದ್ದರೆ ಅದಕ್ಕೆ ಹೊಟ್ಟೆ ನೋವೋ ಜ್ವರವೋ ಇರಬಹುದು. ಹಲ್ಲು ಗಟ್ಟಿಯಾಗಿ ಕಡಿಯುವ ಸದ್ದೂ ನೋವಿನ ಗುರುತು.

ಕೆಳಗಿನ ಹಿಕ್ಕೆ ನೋಡಿ. ಗುಂಡಗೆ, ಒಣಗಿ, ಒಂದೇ ಗಾತ್ರ ಇರಬೇಕು. ಅಂಟು ಅಂಟಾಗಿದ್ದರೆ, ಲೋಳೆ ಕಂಡರೆ ಆ ಗೂಡಿನ ಯಾವ ಮರಿಯೂ ಬೇಡ, ನಿಮಗೆ ಇಷ್ಟವಾದ ಮರಿ ಚೆನ್ನಾಗಿ ಕಂಡರೂ ಸರಿ.

ಕಣ್ಣು ಉರಿಯುವಷ್ಟು ಮೂತ್ರದ ವಾಸನೆ ಇದ್ದರೆ ಅಲ್ಲಿನ ಮೊಲಗಳ ಶ್ವಾಸಕೋಶಕ್ಕೂ ಅದೇ ಗಾಳಿ ಹೋಗುತ್ತಿದೆ.

7. ಕೈಯಲ್ಲಿ ಹಿಡಿದು ಪರೀಕ್ಷೆ

ಎತ್ತುವುದನ್ನು ಬ್ರೀಡರ್‌ಗೇ ಬಿಡಿ, ಹೇಗೆ ಎತ್ತುತ್ತಾರೆ ನೋಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಧಾರ. ಕಿವಿ ಹಿಡಿದು ಎತ್ತುವವರ ಹತ್ತಿರ ಮೊಲ ಕೊಳ್ಳಬೇಡಿ. ಹಿಂಭಾಗಕ್ಕೆ ಆಧಾರ ಇಲ್ಲದೆ ಮೊಲ ಒದ್ದರೆ ಅದರದೇ ಬಲಕ್ಕೆ ಬೆನ್ನುಮೂಳೆ ಮುರಿಯಬಹುದು. ಮೇಜಿನ ಮೇಲೆ ಟವಲ್ ಹಾಸಿ, ಈ ಕ್ರಮದಲ್ಲಿ ನೋಡಿ.

*ಮೂಗು ಮತ್ತು ಮುಂಗಾಲು.* ಎರಡನ್ನೂ ಒಟ್ಟಿಗೆ ನೋಡಬೇಕು. ಶೋಗೆ ಮೊದಲು ಮೂಗು ಒರೆಸಿ ಅಭ್ಯಾಸ ಇರುವವರು ನೀವು ಬರುವ ಮೊದಲೂ ಒರೆಸಿರಬಹುದು. ಸಿಂಬಳ ಬಂದರೆ ಮೊಲ ಮುಂಗಾಲಿನಿಂದ ಒರೆಸಿಕೊಳ್ಳುತ್ತದೆ. ಮುಂಗಾಲಿನ ಒಳಭಾಗದ ತುಪ್ಪಳ ಅಂಟಿಕೊಂಡು ಗಂಟಾಗಿದ್ದರೆ ಮೂಗು ಎಷ್ಟೇ ಸ್ವಚ್ಛ ಇದ್ದರೂ ಬೇಡ. ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸೋಂಕಿನ ಸಾಮಾನ್ಯ ಗುರುತು ಇದು. ಒಮ್ಮೆ ಹಿಡಿದರೆ ಪೂರ್ತಿ ಹೋಗುವುದು ಕಷ್ಟ.

*ಹಲ್ಲು.* ತುಟಿಯನ್ನು ಎರಡೂ ಪಕ್ಕಕ್ಕೆ ಸರಿಸಿ. ಮೇಲಿನ ಮುಂದಿನ ಹಲ್ಲುಗಳು ಕೆಳಗಿನವುಗಳ ಮುಂದೆ ಸ್ವಲ್ಪವೇ ಬಂದು ಕೂತಿರಬೇಕು. ಮೇಲೂ ಕೆಳಗೂ ತುದಿಗೆ ತುದಿ ತಾಗುತ್ತಿದ್ದರೆ ಮುಂದೆ ತಪ್ಪಿ ಬೆಳೆಯುವ ಸೂಚನೆ. ಮೊಲದ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಒಂದಕ್ಕೊಂದು ಸವೆಯದಿದ್ದರೆ ಕೆಲವು ವಾರಕ್ಕೊಮ್ಮೆ ವೈದ್ಯರ ಹತ್ತಿರ ಕತ್ತರಿಸಬೇಕು, ಇಲ್ಲವೇ ಹಲ್ಲು ತೆಗೆಸಬೇಕು. ಗಲ್ಲದ ಕೆಳಗೂ ಮುಟ್ಟಿ ನೋಡಿ: ಒದ್ದೆ ಇದೆಯೇ? ದವಡೆಯ ಕೆಳಗೆ ಗಂಟು ಕೈಗೆ ಸಿಗುತ್ತದೆಯೇ?

*ಕಣ್ಣು, ಕಿವಿ.* ಕಣ್ಣಿನ ಮೂಲೆಯಲ್ಲಿ ಗೀಜು, ಕೆನ್ನೆಯ ಮೇಲೆ ಒದ್ದೆ ಗೆರೆ ಇರಬಾರದು. ಕಿವಿಯೊಳಗೆ ಟಾರ್ಚ್ ಬಿಡಿ. ಕಂದು ಬಣ್ಣದ ಹೆಕ್ಕಳೆ ಇದ್ದರೆ ನುಸಿ. ಅದಕ್ಕೆ ಔಷಧ ಇದೆ, ಆದರೆ ಬ್ರೀಡರ್ ಗಮನಿಸಿಲ್ಲ ಅನ್ನುವುದು ಗೊತ್ತಾಯಿತಲ್ಲ. ತಲೆ ಒಂದು ಕಡೆ ವಾಲಿದ್ದರೆ ಮುಂದೆ ನೋಡುವುದೇ ಬೇಡ.

*ತುಪ್ಪಳ, ಮೈ.* ಕತ್ತಿನ ಹಿಂದೆ ತುಪ್ಪಳ ಬಿಡಿಸಿ ನೋಡಿ. ದಪ್ಪ ಬಿಳಿ ಹೊಟ್ಟು ಇದ್ದರೆ ತುಪ್ಪಳದ ನುಸಿ ಇರಬಹುದು. ಬೆನ್ನುಮೂಳೆ ಕೈಗೆ ಸಿಗಬೇಕು, ಚುಚ್ಚಬಾರದು. ತೂಕ ಮಾಡಿ ಬರೆದುಕೊಳ್ಳಿ.

*ಹಿಂಭಾಗ, ಪಾದ.* ಬಾಲದ ಕೆಳಗೆ ಸ್ವಚ್ಛವಾಗಿ, ಒಣಗಿರಬೇಕು. ಹಿಂಗಾಲಿನ ಅಡಿಯ ತುಪ್ಪಳ ಉದುರಿ ಕೆಂಪಾಗಿದ್ದರೆ ಹುಣ್ಣಿನ ಶುರು.

ಪರೀಕ್ಷೆಗೆ ಮೊಲವನ್ನು ಬೆನ್ನ ಮೇಲೆ ಮಲಗಿಸಿದಾಗ ಅದು ಅಲ್ಲಾಡದೆ ಇರುತ್ತದೆ. "ನೋಡಿ, ಎಷ್ಟು ಸಾಧು" ಅಂದರೆ ನಂಬಬೇಡಿ. ಅದು ಭಯಕ್ಕೆ ಮರಗಟ್ಟಿದ ಸ್ಥಿತಿ. ಬೇಗ ನೋಡಿ ಮುಗಿಸಿ ನೆಟ್ಟಗೆ ಕೂರಿಸಿ. ಸ್ವಭಾವ ತಿಳಿಯಬೇಕಾದರೆ ನೆಲಕ್ಕೆ ಬಿಡಿ, ನೀವೂ ಕೆಳಗೆ ಕೂತುಕೊಳ್ಳಿ. ಕಾಲು ಎಳೆಯುತ್ತದೆಯಾ ಅನ್ನುವುದೂ ಆಗಲೇ ಕಾಣುತ್ತದೆ.

8. ಗಂಡೋ ಹೆಣ್ಣೋ, ಒಂದೋ ಎರಡೋ

ಬ್ರೀಡರ್ ಹೇಳಿದರು ಅಂತ ಬಿಡಬೇಡಿ, ತೋರಿಸಿ ಅನ್ನಿ. ಮೃದುವಾಗಿ ಒತ್ತಿದಾಗ ಗಂಡಿನಲ್ಲಿ ತುದಿ ಗುಂಡಗಿರುವ ಸಣ್ಣ ಕೊಳವೆ ಕಾಣುತ್ತದೆ, ಹೆಣ್ಣಿನಲ್ಲಿ ಉದ್ದ ಸೀಳು. ಎಂಟು ವಾರಕ್ಕೆ ಅನುಭವಿಗಳೂ ತಪ್ಪುತ್ತಾರೆ. 10ರಿಂದ 12 ವಾರಕ್ಕೆ ಗಂಡಿನ ವೃಷಣ ಕೆಳಗಿಳಿದು ಅನುಮಾನ ತೀರುತ್ತದೆ. ಆಗ ವೈದ್ಯರಿಂದ ಇನ್ನೊಮ್ಮೆ ನೋಡಿಸಿ.

ಮೊಲಕ್ಕೆ ಜೊತೆ ಬೇಕು ನಿಜ. ಆದರೆ ಅಣ್ಣ ತಂಗಿ ಮರಿಗಳನ್ನು ಒಟ್ಟಿಗೆ ತಂದು "ಚಿಕ್ಕವು, ಏನಾಗುತ್ತೆ" ಅಂದುಕೊಳ್ಳುವುದು ಪದೇ ಪದೇ ಆಗುವ ತಪ್ಪು. ಸಣ್ಣ ತಳಿಗಳು ಮೂರೂವರೆ, ನಾಲ್ಕು ತಿಂಗಳಿಗೇ ಗರ್ಭ ಧರಿಸಬಲ್ಲವು, ಗರ್ಭಕಾಲ ಸುಮಾರು 31 ದಿನ. ಎರಡು ಗಂಡು ತಂದರೂ ಪ್ರಾಯಕ್ಕೆ ಬಂದ ಮೇಲೆ ರಕ್ತ ಬರುವ ಹಾಗೆ ಕಚ್ಚಾಡಬಹುದು. ಒಳ್ಳೆಯ ಜೋಡಿ ಅಂದರೆ ಎರಡಕ್ಕೂ ಆಪರೇಷನ್ ಆದ ಒಂದು ಗಂಡು, ಒಂದು ಹೆಣ್ಣು.

9. ಕಾಗದ ಮತ್ತು ಗುರುತು

ವಂಶಾವಳಿ ಪತ್ರದಲ್ಲಿ ಸಾಮಾನ್ಯವಾಗಿ ಮೂರು ತಲೆಮಾರಿನ ಹೆಸರು, ಬಣ್ಣ, ತೂಕ, ಗೆದ್ದ ಬಹುಮಾನ ಇರುತ್ತದೆ. ಆರೋಗ್ಯದ ಮಾತು ಇರುವುದಿಲ್ಲ. ಸಾಕುವುದಕ್ಕೆ ಅದು ಬೇಕಿಲ್ಲ, ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ. ಬದಲಿಗೆ ಬಾಯಿಮಾತಿನಲ್ಲಿ ಕೇಳಿ: ಅಪ್ಪ ಅಮ್ಮನಿಗೆ ಹಲ್ಲಿನ ತೊಂದರೆ ಇತ್ತೇ? ಅಜ್ಜಿ ಎಷ್ಟು ವರ್ಷ ಬದುಕಿತು?

ಹುಟ್ಟಿದ ದಿನ, ಹಾಕಿಸಿದ ಲಸಿಕೆ, ಕೊಟ್ಟ ಔಷಧ, ವಾಪಸ್ ತೆಗೆದುಕೊಳ್ಳುವ ಷರತ್ತು ಬರಹದಲ್ಲಿ ಇರಲಿ. ಅಮೆರಿಕದಲ್ಲಿ ಶೋ ಮೊಲದ ಎಡ ಕಿವಿಯಲ್ಲಿ ಬ್ರೀಡರ್ ಹಾಕಿದ ಹಚ್ಚೆ ಇರುತ್ತದೆ, ಅದರಿಂದ ತೊಂದರೆ ಇಲ್ಲ. ಬ್ರಿಟನ್ನಿನಲ್ಲಿ ಹಿಂಗಾಲಿಗೆ ಲೋಹದ ಉಂಗುರ ಹಾಕುತ್ತಾರೆ. ಮೊಲ ಬೆಳೆದಂತೆ ಉಂಗುರ ಬಿಗಿಯಾಗಿ ಚರ್ಮ ಕೊರೆಯಬಹುದು. ಉಂಗುರ ಇರುವ ಮೊಲ ತಂದರೆ ವೈದ್ಯರಿಂದ ತೆಗೆಸಿ. ನೀವೇ ಕತ್ತರಿಸಲು ಹೋಗಬೇಡಿ.

10. ತರುವ ದಿನ ಮತ್ತು ಮೊದಲ ಎರಡು ವಾರ

ಬ್ರೀಡರ್ ಹಾಕುತ್ತಿದ್ದ ಪೆಲೆಟ್ (ಗುಳಿಗೆಯಂತೆ ಒತ್ತಿ ಮಾಡಿದ ಸಿದ್ಧ ಆಹಾರ) ಎರಡು ವಾರಕ್ಕಾಗುವಷ್ಟು ಕೇಳಿ ತನ್ನಿ. ಹೊಸ ಪೆಲೆಟ್ಟನ್ನು ಚೂರು ಚೂರು ಬೆರೆಸುತ್ತಾ ಹತ್ತು ದಿನದಲ್ಲಿ ಬದಲಿಸಿ. ಒಣಹುಲ್ಲು ಯಾವಾಗಲೂ ಮುಂದೆ ಇರಲಿ. ಅಲ್ಲಿ ಸೊಪ್ಪು ತಿಂದು ಅಭ್ಯಾಸ ಇಲ್ಲದಿದ್ದರೆ ಮೊದಲ ವಾರ ಸೊಪ್ಪು ಬೇಡ. ಅಲ್ಲಿ ಬಾಟಲಿಯಲ್ಲಿ ನೀರು ಕುಡಿಯುತ್ತಿತ್ತೋ ಬಟ್ಟಲಲ್ಲೋ ಕೇಳಿಕೊಳ್ಳಿ. ಬಟ್ಟಲು ಗೊತ್ತಿಲ್ಲದ ಮೊಲಕ್ಕೆ ಎರಡೂ ಇಡಿ.

ಪ್ರಯಾಣ ತಂಪು ಹೊತ್ತಿನಲ್ಲಿ ಇರಲಿ. ಮೊಲಕ್ಕೆ ಬೆವರು ಸುರಿಸಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ, 30 ಡಿಗ್ರಿ ಸೆಲ್ಸಿಯಸ್ ಹತ್ತಿರದ ಸೆಖೆಯೇ ಜೀವಕ್ಕೆ ಅಪಾಯ.

ಮನೆಯಲ್ಲಿ ಆಗಲೇ ಮೊಲ ಇದ್ದರೆ ಹೊಸದನ್ನು ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿ ಇಡಿ. ಹಳೆಯ ಮೊಲದ ಕೆಲಸ ಮೊದಲು, ಹೊಸದರದ್ದು ಆಮೇಲೆ, ನಡುವೆ ಕೈ ತೊಳೆಯಿರಿ. ಜಾಗ ಬದಲಾದ ಒತ್ತಡಕ್ಕೆ ಅಡಗಿದ್ದ ಸೀನು ಹೊರಗೆ ಬರುವುದು ಈ ದಿನಗಳಲ್ಲೇ.

ಮೊದಲ ಎರಡು ದಿನ ಎತ್ತಿ ಮುದ್ದಾಡಬೇಡಿ. ತಿನ್ನುತ್ತಿದೆಯಾ, ಹಿಕ್ಕೆ ಹಾಕುತ್ತಿದೆಯಾ, ಅಷ್ಟು ನೋಡಿ. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ವೈದ್ಯರ ಹತ್ತಿರ ಹೋಗಿ. ನೀರಿನಂಥ ಭೇದಿ ಆದರೂ ಅಷ್ಟೇ. ಮರಿ ಚಿಕ್ಕದಿದ್ದಷ್ಟೂ ನಿಮ್ಮ ಕೈಯಲ್ಲಿರುವ ಸಮಯ ಕಡಿಮೆ.

ಎಲ್ಲ ಸರಿ ಇದ್ದರೂ ಮೊದಲ ವಾರದಲ್ಲೇ ಒಮ್ಮೆ ವೈದ್ಯರಿಗೆ ತೋರಿಸಿ. ದವಡೆಯ ಹಿಂದಿನ ಹಲ್ಲುಗಳು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅವರ ಉಪಕರಣದಿಂದಲೇ ನೋಡಬೇಕು. ಸಂತಾನಹರಣಕ್ಕೂ ಅಂದೇ ದಿನ ಗೊತ್ತು ಮಾಡಿ: ಸಾಮಾನ್ಯವಾಗಿ ಗಂಡಿಗೆ ಮೂರೂವರೆಯಿಂದ ಐದು ತಿಂಗಳು, ಹೆಣ್ಣಿಗೆ ನಾಲ್ಕರಿಂದ ಆರು ತಿಂಗಳು. ಆಪರೇಷನ್ ಆದ ಮೇಲೂ ಗಂಡಿನಿಂದ ಆರು ವಾರದವರೆಗೆ ಗರ್ಭ ನಿಲ್ಲಬಹುದು. ಅಷ್ಟು ದಿನ ಆಪರೇಷನ್ ಆಗದ ಹೆಣ್ಣಿನ ಜೊತೆ ಬಿಡಬೇಡಿ.